ಸಮರರಾಯನ ಜೋಳ

ಜೋಳವಾಳಿ ಎಂಬ ಮಾತನ್ನು ಮೊದಲು ಆಡಿದ್ದು ನಾನೋ ಮಾಮನೋ ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ. ನಾನೇ ಎಂದು ಅಕ್ಕ ಹೇಳುತ್ತಾಳೆ. ಅವಳು ಆ ದಿನ ಅಲ್ಲಿರಲೇ ಇಲ್ಲ. ಮಾಮ, ಅಂದರೆ ಅಕ್ಕನ ಗಂಡ, ತನಗೆ ಅದು ಮೊದಲಿನಿಂದಲೂ ಗೊತ್ತಿತ್ತು ಎನ್ನುತ್ತಾನೆ. ಅವನಿಗೆ ಮೊದಲಿನಿಂದಲೂ ಗೊತ್ತಿರುವ ಸಂಗತಿಗಳು ವರ್ಷವರ್ಷಕ್ಕೂ ಹೆಚ್ಚುತ್ತಲೇ ಇರುತ್ತವೆ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಇಬ್ಬರನ್ನೂ ಅನುಮಾನಿಸಬೇಕೆಂದು ಕಲಿತವನು. ನನ್ನ ನೆನಪನ್ನಂತೂ ಆ ಇಬ್ಬರಿಗಿಂತ ಕಡಿಮೆ ನಂಬುತ್ತೇನೆ.

ಸಿನಿಮಾ ನೋಡಿದ್ದು ಮಾತ್ರ ನಿಜ. ಮಾಮ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಧಣಿಯೊಬ್ಬರ ಬಳಿ ಇದ್ದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ "ಹೊಡಿಯೋದು" ಎನ್ನುತ್ತಿದ್ದ. ನಮ್ಮ ಕಡೆ ಗಾಡಿಯನ್ನೂ ಹೊಡೆಯುತ್ತಾರೆ, ಮನುಷ್ಯರನ್ನೂ ಹೊಡೆಯುತ್ತಾರೆ. ಅವನು ಎರಡನ್ನೂ ಮಾಡಿದ್ದ. ಆದರೆ ಎರಡನೆಯದು ಅವನೇ ಹೇಳಿಕೊಳ್ಳುವಷ್ಟು ಸಲ ಅಲ್ಲ. ಧಣಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಅವರನ್ನು ಆಗಾಗ ಬಳ್ಳಾರಿಯ ಆಸ್ಪತ್ರೆಗೆ ಕರೆತರುತ್ತಿದ್ದ. ಅವರು ರಕ್ತ ಕೊಟ್ಟು, ಉಂಡು, ಮತ್ತೆ ರಕ್ತ ಕೊಡುವವರೆಗೆ ಕೌಲ್ ಬಜಾರಿನ ನನ್ನ ಕೋಣೆಗೆ ಬಂದು ಕಾಲು ಚಾಚುತ್ತಿದ್ದ. ಕೆಳಗೆ ತಗಡಿನ ಟ್ರಂಕು ಬಡಿಯುವ ಅಂಗಡಿ. ಆ ಸದ್ದಿನಲ್ಲಿ ನಿದ್ದೆ ಬಾರದು. ಹಾಗಾಗಿ ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಸಿನಿಮಾ ಹಾಕಿದೆ. ಬಹಳ ಆಳವಾದ ಸಿನಿಮಾ ಎಂದು ಸಹೋದ್ಯೋಗಿಯೊಬ್ಬರು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದರು. ಅವರಿಗೆ ಅರ್ಥವಾಗದ್ದೆಲ್ಲ ಆಳವೇ.

ಹೊರದೇಶದ ಒಂದು ದೊಡ್ಡ ಊರು. ಅಲ್ಲಿ ಸುಪಾರಿ ತೆಗೆದುಕೊಂಡು ಕೊಲ್ಲುವ ಒಬ್ಬ ಮನುಷ್ಯ. ಅವನಿಗೆ ಜಪಾನಿನ ಹಳೆಯ ಸಮುರಾಯ್ ಯೋಧರ ಹುಚ್ಚು. ಕೆಲಸಕ್ಕೆ ಹೊರಡುವ ಮುಂಚೆ ಗಡ್ಡ ಬೋಳಿಸುತ್ತಾನೆ. ಕೊಲ್ಲಬೇಕಾದ ಮನೆಯ ಹೊಸ್ತಿಲಲ್ಲಿ ಬೂಟು ಬಿಚ್ಚಿ ಜೋಡಿಸಿಡುತ್ತಾನೆ. ಕೊಂದ ಮೇಲೆ ಹೆಣಕ್ಕೆ ತಲೆ ಬಾಗುತ್ತಾನೆ. ಇದರಿಂದ ಹೆಣಕ್ಕೇನು ಬಂತು ಎಂದು ಸಿನಿಮಾ ಮಾಡಿದವರು ಯೋಚಿಸಿದ ಹಾಗಿಲ್ಲ. ಅವನ ಒಡೆಯ ಒಬ್ಬ ಚಿಲ್ಲರೆ ಕಳ್ಳ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು ಟೀವಿ ನೋಡುವ ಮುದುಕ. ಯಾವ ಕಾಲದಲ್ಲೋ ಹಸಿದಿದ್ದ ಇವನಿಗೆ ಒಂದು ಬಟ್ಟಲು ಸಾರು ಕೊಟ್ಟಿದ್ದನಂತೆ, ಅದಕ್ಕೆ ಇವನ ಜೀವವೇ ಅವನದು. ಮುದುಕನಿಗೆ ಇವನ ಮುಖವೂ ಸರಿಯಾಗಿ ನೆನಪಿರುವುದಿಲ್ಲ. ಇದನ್ನು ನೋಡಿ ನಾವು ಕಣ್ಣು ಒದ್ದೆ ಮಾಡಿಕೊಳ್ಳಬೇಕು. ಮಾಮ ಮಾಡಿಕೊಂಡ.

"ಏನಂದ ಅವ? ಸಮರಾಯ?"

"ಸಮುರಾಯ್."

"ಅದ ಲೇ. ಸಮರ ಅಂದ್ರ ಯುದ್ಧ. ರಾಯ ಅಂದ್ರ ರಾಯ. ಸಮರರಾಯ! ನಮ್ಮ ಹಂಪಿ ರಾಯರು ಇದ್ದಂಗ. ಇಲ್ಲಿಂದನ ಹೋಗ್ಯಾರ ಅವ್ರು."

"ಜಪಾನಿಗೆ ಯಾವ ಬಸ್ಸಿಗೆ ಹೋದ್ರು ಮಾಮ?"

"ನಗು, ನಗು. ಎಮ್ಮೆ ಮಾಡಾಕ ಹೋದಾವ ಕೋಣ ಆಗಿ ಬಂದಿ."

ಕೊನೆಯಲ್ಲಿ ಆ ಮನುಷ್ಯ ಒಡೆಯನಿಗಾಗಿ ಸತ್ತ ಎಂದು ನನ್ನ ನೆನಪು. ಕೊನೆ ನೋಡಲೇ ಇಲ್ಲ, ಅಷ್ಟರಲ್ಲಿ ಆಸ್ಪತ್ರೆಯಿಂದ ಧಣಿಯ ಫೋನು ಬಂತು, ತಾನು ಎದ್ದು ಓಡಿದೆ ಎಂದು ಮಾಮನ ವಾದ. ಮತ್ತೊಮ್ಮೆ ನೋಡಿದರೆ ತಿಳಿದೀತು. ಅಷ್ಟು ಮರ್ಯಾದೆಯನ್ನು ಆ ಸಿನಿಮಾಕ್ಕೆ ಕೊಡಲು ನನಗೆ ಮನಸ್ಸಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಧಣಿಯ ಕಾರಿನಲ್ಲಿ ಕುರುಗೋಡಿಗೆ ಹೋಗಿದ್ದೆವು. ಧಣಿ ಗುಡಿಯೊಳಗೆ ಪೂಜೆಗೆ ಕೂತರು. ನಾನೂ ಮಾಮನೂ ಊರ ಹೊರಗೆ ಹಾಳುಬಿದ್ದ ಇನ್ನೊಂದು ಗುಡಿಯತ್ತ ನಡೆದೆವು. ಅಲ್ಲಿ ಗೋಡೆಗೆ ವಾಲಿಸಿದ ಒಂದು ವೀರಗಲ್ಲು. ಕೆಳಗೆ ಕತ್ತಿ ಹಿಡಿದವನು ಸಾಯುತ್ತಾನೆ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಲಿಂಗದ ಮುಂದೆ ಕೂರುತ್ತಾನೆ. ಸಾಯುವವರಿಗೆ ತೋರಿಸಲು ಅಂದಿನವರು ಕಡೆದಿಟ್ಟ ಜಾಹೀರಾತು. ಒಂದು ಮೇಕೆ ಅದಕ್ಕೆ ಮೈ ಉಜ್ಜಿಕೊಳ್ಳುತ್ತಿತ್ತು. ಜೋಳವಾಳಿ ಎಂಬ ಮಾತು ಬಂದದ್ದು ಅಲ್ಲಿ. ಒಡೆಯನ ಜೋಳ ತಿಂದವನು ಆ ಋಣಕ್ಕೆ ಪ್ರಾಣ ಕೊಡುವುದು. ಹಳಗನ್ನಡದ ಕಾಲದ ಮಾತು. ನಾನು ವ್ಯಂಗ್ಯವಾಗಿ ಹೇಳಿದೆನೇ, ಪಾಠದ ಧಾಟಿಯಲ್ಲಿ ಹೇಳಿದೆನೇ, ಅಥವಾ ಮಾಮ ಯಾವುದೋ ಭಾಷಣದಲ್ಲಿ ಕೇಳಿದ್ದನ್ನು ಹೇಳಿ ನಾನು ತಲೆಯಾಡಿಸಿದೆನೇ? ಅವನು ಆ ಕಲ್ಲಿನ ಮೇಲೆ ಅಂಗೈ ಇಟ್ಟದ್ದು ಕಣ್ಣಿಗೆ ಕಟ್ಟಿದಂತಿದೆ.

"ನೋಡಲೇ, ನಾ ಹೇಳ್ಲಿಲ್ಲ? ಸಮರರಾಯ ಇಲ್ಲ್ಯಾವನ."

ಆಮೇಲೆ ಸಿರುಗುಪ್ಪದ ಹತ್ತಿರದ ಕರೂರಿನ ರಸ್ತೆಯಲ್ಲಿ ಧಣಿಯ ಮಗ ಕಾರು ಹೊಡೆಯುತ್ತ ಹೋಗಿ, ಸೈಕಲ್ಲಿನ ಮೇಲೆ ಮೇವಿನ ಹೊರೆ ಕಟ್ಟಿಕೊಂಡು ಬರುತ್ತಿದ್ದ ಕೂಲಿಯವನೊಬ್ಬನ ಮೇಲೆ ಹಾಯಿಸಿದ. ಮಗನ ಕಣ್ಣು ಫೋನಿನಲ್ಲಿತ್ತು. ಕೂಲಿಯವನು ಬಳ್ಳಾರಿ ಮುಟ್ಟುವ ಮೊದಲೇ ಸತ್ತ. ಈ ಇಡೀ ಕಥೆಯಲ್ಲಿ ಸತ್ತವನು ಅವನೊಬ್ಬನೇ. ಅವನಿಗೆ ಯಾರೂ ತಲೆ ಬಾಗಲಿಲ್ಲ, ಬೂಟು ಜೋಡಿಸಲಿಲ್ಲ.

ಮರುದಿನ ಬೆಳಿಗ್ಗೆ ಧಣಿ ಅಕ್ಕನ ಮನೆಗೆ ಬಂದರು. ವಿಷಯ ಕೇಳಿ ನಾನೂ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿದ್ದೆ. ಅವರು ಆ ಮನೆಯ ಕಟ್ಟೆಯ ಮೇಲೆ ಕೂತದ್ದು ಅದೇ ಮೊದಲು. ಅಕ್ಕ ಚಹ ತಂದಳು.

"ಸಕ್ಕರಿ ಹಾಕಿಲ್ಲ ಹೌದಲ್ಲಮ್ಮ?" ಎಂದು ಕೇಳಿ ಗುಟುಕರಿಸಿದರು. ಆಮೇಲೆ ಮಾಮನ ಕಡೆ ತಿರುಗಿದರು. "ಹುಡುಗ ಇನ್ನಾ ಸಣ್ಣಾವಪ. ಬುದ್ಧಿ ಇಲ್ಲ. ಗಾಡಿ ನೀ ಹೊಡಿತಿದ್ದಿ ಅಂದ್ರ ಮುಗೀತು. ಮುಂದಿಂದು ವಕೀಲ್ರು ನೋಡ್ಕೊಂತಾರ. ನಾ ಏನ್ ಒತ್ತಾಯ ಮಾಡಂಗಿಲ್ಲ."

ಒತ್ತಾಯ ಮಾಡುವುದಿಲ್ಲ ಎಂದು ಹೇಳಲು ಮನೆಯ ತನಕ ಬಂದಿದ್ದರು. ಹುಡುಗನಿಗೆ ಇಪ್ಪತ್ತೈದು ದಾಟಿತ್ತು.

ಅವರ ಕಾರು ತಿರುವು ದಾಟುತ್ತಲೇ ಮಾಮ ಗಡ್ಡ ಬೋಳಿಸಲು ಕನ್ನಡಿ ಇಳಿಸಿದ. ಆ ಕನ್ನಡಿ ನೋಡಿ ನನಗೆ ಮೈ ಉರಿಯಿತು.

"ಮಾಮ, ಅದು ಸಿನಿಮಾ. ಆ ಸಮುರಾಯ್‌ಗಳು ಸಂಬಳದ ಆಳುಗಳು. ಯುದ್ಧ ಎಲ್ಲ ಮುಗದು ಮನ್ಯಾಗ ಖಾಲಿ ಕುಂತಾಗ ಆ ಧರ್ಮ, ನಿಯತ್ತು ಎಲ್ಲ ಬರಕೊಂಡ್ರು."

"ನಿಂದು ಪುಸ್ತಕದ ಮಾತು. ನಿನಗ ಧಣಿ ಅನ್ನಾವರು ಯಾರದಾರ? ವರ್ಷಕ್ಕೊಮ್ಮೆ ನೌಕರಿ ಕೊಡ್ತಾರ, ವರ್ಷಕ್ಕೊಮ್ಮೆ ತೆಗೀತಾರ."

ಅದು ನಿಜವಿತ್ತು. ನಾನು ಅತಿಥಿ ಉಪನ್ಯಾಸಕ.

ಅಕ್ಕ ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು.

"ಏನ್ರಿ, ಕುರುಗೋಡಿಂದ ಬಂದು ಅದೇನೋ ಅಂದ್ರಲ್ಲ, ಜೋಳದ ಋಣ ಅಂತ. ಆ ಮನ್ಯಾಗ ನಿಮಗ ಜೋಳ ಯಾವಾಗ ಹಾಕ್ಯಾರ್ರಿ? ಅಕ್ಕಿ ಗಿರಣಿ ಮಂದಿ. ತಾವು ಸೋನಾಮಸೂರಿ ಉಂತಾರ, ನಿಮಗ ನುಚ್ಚಿನ ಅನ್ನ ಹಾಕ್ತಾರ. ಜೋಳದ ರೊಟ್ಟಿ ಬಡದು ಹಾಕಿದಾಕಿ ನಾನು. ಋಣ ಐತಂದ್ರ ನಂದು ಐತಿ. ಅದನ್ನ ತೀರಸ್ರಿ. ಹೋಗಬ್ಯಾಡ್ರಿ."

ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ನೇರವಾದ ವಾದವಿರಲಿಲ್ಲ. ಮಾಮನ ಕೈಯಲ್ಲಿದ್ದ ಬ್ಲೇಡು ಕೆನ್ನೆಯ ಮೇಲೆ ನಿಂತಿತು. ಒಂದು ಕ್ಷಣ ಅವನು ಉಳಿದ ಎಂದುಕೊಂಡೆ.

"ಮೊದಲ ದಿನ ಹಾಕ್ಯಾರ," ಎಂದ. "ಕೆಲಸ ಕೇಳಾಕ ಹೋದಾಗ. ಎರಡು ದಿನದಿಂದ ಉಂಡಿದ್ದಿಲ್ಲ ನಾ. ಧಣಿ ತಾವ ಕುಂದ್ರಿಸಿ, ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ ಹಾಕ್ಸಿದ್ರು. ಅದು ಇನ್ನೂ ನನ್ನ ಹೊಟ್ಟ್ಯಾಗ ಐತಿ."

"ಇಷ್ಟು ವರ್ಷ ಹೊಟ್ಟ್ಯಾಗ ಐತಂದ್ರ ಡಾಕ್ಟರಿಗೆ ತೋರಸ್ರಿ!" ಎಂದಳು ಅಕ್ಕ. ನಗಿಸಲು ಹೇಳಿದ್ದಲ್ಲ.

ರೊಟ್ಟಿಯ ಈ ಕಥೆಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮೊದಲ ದಿನ ಧಣಿ ಇವನನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು ಎಂದು ಹಿಂದೊಮ್ಮೆ ಅವನೇ ಹೇಳಿದ್ದ ನೆನಪು. ಆದರೆ ನನ್ನ ನೆನಪಿನ ಮೇಲೆ ಪಣ ಕಟ್ಟಿ ಅವನನ್ನು ಸುಳ್ಳುಗಾರ ಎನ್ನುವ ಧೈರ್ಯ ಬರಲಿಲ್ಲ. ಅನುಮಾನಿಸಲು ಕಲಿಸಿದವರು ಅನುಮಾನ ಬಂದಾಗ ಬಾಯಿ ತೆರೆಯುವುದನ್ನು ಕಲಿಸಿರಲಿಲ್ಲ.

ಮಾಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದ. ಠಾಣೆಯ ಮೆಟ್ಟಿಲ ಬಳಿ ಚಪ್ಪಲಿ ಬಿಚ್ಚಿ, ಎರಡನ್ನೂ ಒಂದಕ್ಕೊಂದು ತಾಗಿಸಿ ಜೋಡಿಸಿಟ್ಟ. ಬಾಗಿಲಲ್ಲಿದ್ದ ಪೇದೆ, "ಏ, ಇದೇನ್ ಗುಡಿ ಏನಪಾ? ಹಾಕ್ಕೊಂಡು ಬಾ," ಎಂದ. ಮಾಮ ಹಾಕಿಕೊಳ್ಳಲಿಲ್ಲ. ನಾನು ಆ ಚಪ್ಪಲಿಯನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಬಂದು ಅಕ್ಕನಿಗೆ ಕೊಟ್ಟೆ. ಅವಳು ಅದನ್ನು ಬಚ್ಚಲಿಗೆ ಎಸೆದಳು.

ಜಾಮೀನು ಸಿಕ್ಕಿತು. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಮಾಮನ ಕೈಗೆ ಈಗ ಗಾಡಿ ಕೊಡುವುದಿಲ್ಲ. ಗಿರಣಿಯ ಗೇಟಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದಾರೆ. ಧಣಿ ಹೊಸ ಡ್ರೈವರನ್ನು ಇಟ್ಟುಕೊಂಡಿದ್ದಾರೆ. ಅವರ ಕಾರು ಬಂದಾಗ ಮಾಮ ಎದ್ದು ಗೇಟು ತೆರೆಯುತ್ತಾನೆ, ಗಾಜು ಮಾತ್ರ ಕೆಳಗಿಳಿಯುವುದಿಲ್ಲ. ಧಣಿಯ ಮಗ ಹಬ್ಬಕ್ಕೊಮ್ಮೆ ಊರ ಬ್ಯಾನರಿನಲ್ಲಿ ಕೈಮುಗಿದು ನಗುತ್ತಾನೆ.

ಒಂದು ವಾಯಿದೆಗೆ ನಾನೂ ಕೋರ್ಟಿಗೆ ಹೋಗಿದ್ದೆ. ಸತ್ತವನ ಹೆಂಡತಿ ಕರೂರಿನಿಂದ ಬಂದಿದ್ದಳು. ಮಾಮನನ್ನು ತೋರಿಸಿ, "ಇವನ ಏನು?" ಎಂದು ಪಕ್ಕದವರನ್ನು ಕೇಳಿದಳು. ಹೌದೆಂದರು. ಹತ್ತಿರ ಬಂದು ಅವನ ಮುಖವನ್ನೇ ನೋಡಿದಳು.

"ನಿನ್ನ ಕೈ ಸೇದಿ ಹೋಗಲಿ. ನಿನ್ನ ಮನಿ ದೀಪ ಆರಲಿ," ಎಂದಳು.

ಮಾಮ ನಿಧಾನವಾಗಿ, ಬೆನ್ನು ನೇರವಾಗಿಟ್ಟು, ಅವಳಿಗೆ ತಲೆ ಬಾಗಿದ. ಆ ಸಿನಿಮಾದವನ ಹಾಗೆಯೇ. ಆಕೆಗೆ ಬೇಕಿದ್ದದ್ದು ಗಂಡನನ್ನು ಕೊಂದವನು ಯಾರು ಎಂಬ ಒಂದು ಸತ್ಯ. ಅದನ್ನು ಬಚ್ಚಿಟ್ಟುಕೊಂಡು ಇವನು ಅವಳಿಗೆ ನಮಸ್ಕಾರ ಕೊಟ್ಟ. ನಿಯತ್ತು ಎನ್ನುವ ಪದ ಕೇಳಿದಾಗೆಲ್ಲ ಈಗಲೂ ಆ ಬಾಗಿದ ಕತ್ತೇ ಕಾಣುತ್ತದೆ.

ಅಕ್ಕ ಈಗಲೂ ರೊಟ್ಟಿ ಬಡಿಯುತ್ತಾಳೆ. ಅವನ ತಟ್ಟೆಗೆ ಹಾಕಿ ಒಲೆಯ ಕಡೆ ತಿರುಗಿಬಿಡುತ್ತಾಳೆ.

ಯಾರು ಮೊದಲು ಆ ಮಾತಾಡಿದರು, ಸಿನಿಮಾದವನು ಸತ್ತನೋ ಇಲ್ಲವೋ, ಇವು ನನಗೆ ಗೊತ್ತಾಗಲಿಲ್ಲ. ಒಂದನ್ನು ಮಾತ್ರ ವಿಚಾರಿಸಿದೆ. ಧಣಿಯ ಮನೆಗೆ ಸೊಸೆಯರು ಬರುವ ಮುಂಚಿನಿಂದ ಅಡುಗೆ ಮಾಡಿ, ಈಗ ಮಗಳ ಮನೆಯಲ್ಲಿರುವ ಮುದುಕಿಯನ್ನು ಕೇಳಿದೆ. ಅವರ ಮನೆಯ ಹಿಟ್ಟು ಬೀಸಿಕೊಡುವವನನ್ನೂ ಬೇರೆಯಾಗಿ ಕೇಳಿದೆ. ಇಬ್ಬರೂ ಒಂದೇ ಮಾತು ಹೇಳಿದರು, ಆದರೂ ನಂಬಿದೆ. ಮಾಮ ಕೆಲಸ ಕೇಳಲು ಹೋದ ಕಾಲದಲ್ಲಿ ಆ ಮನೆಯೊಳಗೆ ಜೋಳ ಬಂದೇ ಇರಲಿಲ್ಲ; ಎಷ್ಟೋ ವರ್ಷದ ಮೇಲೆ, ಡಾಕ್ಟರು ಅನ್ನ ಬಿಡಿಸಿದಾಗ ತರಿಸಲು ಶುರುಮಾಡಿದರು, ಮತ್ತು ಅಂದಿನಿಂದ ಇಂದಿನವರೆಗೆ ಅಲ್ಲಿ ಜೋಳದ ರೊಟ್ಟಿ ತಿನ್ನುವವರು ಧಣಿ ಒಬ್ಬರೇ.