ಖಂಡೇನವಮಿಯಂದು ನಿಂತ ಪಂಪು

ಗೋಕಾಕದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಪುಣೆಗೆ ಬಂದ ಶೈಲಾ ಔಷಧ ಕಾರ್ಖಾನೆಗೆ ಸೇರಿದ್ದು ಗಾಜಿನ ಪಾತ್ರೆ ತೊಳೆಯಲು. ಹದಿನೆಂಟು ವರ್ಷದ ಮೇಲೆ ಈಗ ಎರಡು ಸಾವಿರ ಲೀಟರಿನ ಉಕ್ಕಿನ ತೊಟ್ಟಿಯೊಂದು ಅವಳ ಸುಪರ್ದಿಯಲ್ಲಿದೆ. ಅದರೊಳಗೆ ಬೆಳೆಯುವ ಜೀವಕೋಶಗಳು ರಕ್ತದ ಕ್ಯಾನ್ಸರಿಗೆ ಕೊಡುವ ಪ್ರತಿಕಾಯವನ್ನು ತಯಾರಿಸುತ್ತವೆ. ಶಾಖ ಏರುಪೇರಾದರೆ, ಊಟ ಹೊತ್ತಿಗೆ ಸಿಗದಿದ್ದರೆ ಅವು ಮುನಿಯುತ್ತವೆ. ಮುನಿದರೂ ಕೆಲಸ ನಿಲ್ಲಿಸುವುದಿಲ್ಲ, ಕೆಟ್ಟದಾಗಿ ಮಾಡುತ್ತವೆ. ಅಪಾಯ ಇರುವುದೇ ಅಲ್ಲಿ.

ಹೋದ ವರ್ಷದ ಖಂಡೇನವಮಿ, ಆಯುಧಪೂಜೆಯ ದಿನ. ಕಂಪನಿ ಬಸ್ಸು ಹಿಂಜವಾಡಿಯ ಗದ್ದಲದಲ್ಲಿ ಸಿಕ್ಕಿಕೊಂಡು ಶೈಲಾ ಕಾರ್ಖಾನೆ ಮುಟ್ಟುವಾಗ ಹನ್ನೊಂದಾಗಿತ್ತು. ಬಾಗಿಲಿಗೆ ಚೆಂಡುಹೂವಿನ ಮಾಲೆ. ಒಳಗೆ ಕಂಪ್ಯೂಟರ್ ಪರದೆ ನೋಡಿದರೆ, ಕೋಶಗಳಿಗೆ ಊಟ ಹಾಕುವ ಪಂಪು ಬೆಳಗಿನಿಂದ ಐದು ತಾಸು ನಿಂತಿತ್ತು.

“ಯಾರ್ರೀ ಬಂದ್ ಮಾಡಿದವ್ರು?”

“ನಾನರೀ,” ಎಂದ ಧಾರವಾಡ ಕಡೆಯ ಮ್ಯಾನೇಜರ್ ಚನ್ನವೀರ. “ಇವತ್ತ ಯಂತ್ರಕ್ಕ ವಿಶ್ರಾಂತಿ ಬ್ಯಾಡೇನು? ಪೂಜಿ ಮುಗೀತು, ಉಳಿದ ಊಟಾ ಒಮ್ಮೆಲೇ ಹಾಕೀನಿ.”

“ಉಪವಾಸ ಕೆಡವಿ ಆಮ್ಯಾಲೆ ತುರುಕೋದು! ಭಾಳ ಛಲೋ ಆತು.”

ಒಮ್ಮೆಲೇ ಬಿದ್ದ ಊಟದಿಂದ ತೊಟ್ಟಿಯಲ್ಲಿ ಅಮೋನಿಯಾ ಏರಿತು. ಅದು ಏರಿದರೆ ಪ್ರತಿಕಾಯಕ್ಕೆ ಅಂಟಬೇಕಾದ ಸಕ್ಕರೆಯ ಕೊಂಡಿಗಳು ಅರ್ಧಂಬರ್ಧ ಉಳಿಯುತ್ತವೆ. ಔಷಧ ಕ್ಯಾನ್ಸರ್ ಕೋಶವನ್ನು ಹಿಡಿದರೂ ಕೊಲ್ಲುವ ಕಸುವು ತಗ್ಗುತ್ತದೆ. ಚನ್ನವೀರನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಲೋಪ ದಾಖಲಿಸುವ ಫಾರ್ಮು ಅವಳ ಮುಂದಿಟ್ಟ.

“‘ಪರಿಣಾಮ ಏನೂ ಇಲ್ಲ’ ಅಂತ ಬರದು ಸಹಿ ಹಾಕ್ರಿ. ಇಳುವರಿ ಬರೋಬರಿ ಅದಲಾ.”

“ಮೊಸರು ಹೆಪ್ಪುಗಟ್ಟೇದ ಅಂದ್ರ ಹುಳಿ ಆಗಿಲ್ಲ ಅಂತೇನ್ರಿ? ಸಕ್ಕರಿ ಪರೀಕ್ಷೆ ಮಾಡಸ್ರಿ.”

“ಪೂಜಿ ಮಾಡಿದ್ದೂ ತಪ್ಪಾತಲ್ಲಪಾ ನಿಮಗ!”

“ಪೂಜಿ ತಪ್ಪಲ್ರಿ. ನಿಮ್ಮ ಮನ್ಯಾಗ ಯಾರಿಗರ ಈ ಇಂಜೆಕ್ಷನ್ ಕೊಡೂದಿದ್ರ, ಈ ತೊಟ್ಟೀದ ಕೊಡಸ್ತೀರೇನು?”

ಶೈಲಾ ಫಾರ್ಮಿನಲ್ಲಿ ‘ಪೂಜೆಗಾಗಿ ಪಂಪು ಐದು ತಾಸು ನಿಂತಿತ್ತು, ಪರೀಕ್ಷೆಯಾಗದೆ ಮುಂದೆ ಕಳಿಸಬಾರದು’ ಎಂದು ಬರೆದು ಸಹಿ ಹಾಕಿದಳು. ವಾರದಲ್ಲಿ ವರದಿ ಬಂತು: ಸಕ್ಕರೆ ಕೊಂಡಿಗಳು ಮಿತಿಗಿಂತ ಕಡಿಮೆ. ಇಡೀ ತೊಟ್ಟಿಯ ಮಾಲು ಚರಂಡಿಗೆ ಹೋಯಿತು.

ಶಹಬ್ಬಾಸ್ ಅಂದವರು ಯಾರೂ ಇಲ್ಲ. ಕ್ಯಾಂಟೀನಿನಲ್ಲಿ ಅವಳಿಗೆ ‘ನಾಸ್ತಿಕಳು’ ಎಂಬ ಹೆಸರು ಬಿತ್ತು. ಹಾಗೆ ಕರೆದವರಲ್ಲಿ ಒಬ್ಬನಾದರೂ ಆ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಕಾದು ಕೂತವರನ್ನು ನೆನೆಯಲಿಲ್ಲ.

ಈ ವರ್ಷ ನವಮಿಯ ದಿನ ಶೈಲಾ ಮೊದಲ ಬಸ್ಸಿಗೇ ಬಂದಳು. ಚನ್ನವೀರ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಪಂಪ್ ಏನ ಮಾಡೂನ್ರಿ?”

“ಓಡ್ಲಿ ಬಿಡ್ರಿ,” ಎಂದು ಅವಳೇ ಕುಂಕುಮ ತೆಗೆದುಕೊಂಡು ಬಾಗಿಲಿಗೆ ಹಚ್ಚಿ, ಪರದೆಯ ಮುಂದೆ ಹೋಗಿ ಕೂತಳು.