ಅಕ್ಕನ ಎದುರು ಹೊತ್ತಿಕೊಳ್ಳದ ಗಾಜು

ನನ್ನದು ಬಾಯಿ ಜೋರು ಎಂದು ಅತ್ತೆಮನೆಯವರೂ ಹೇಳುತ್ತಾರೆ, ತವರಿನವರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಆವತ್ತು ಬಾಯಿ ಮುಚ್ಚಿಕೊಂಡು ನಿಂತಿದ್ದವರನ್ನು ಕಂಡ ಮೇಲೆ ನನ್ನ ಬಾಯಿಯ ಬಗ್ಗೆ ನನಗೆ ಯಾವ ಬೇಸರವೂ ಉಳಿದಿಲ್ಲ.

ಯಳಂದೂರಿನ ಹತ್ತಿರದ ಒಂದು ಸಮುದಾಯ ಭವನಕ್ಕೆ ಮೈಸೂರಿನಿಂದ ಒಬ್ಬ ಕಲಾವಿದೆ ಬಂದಿದ್ದಳು. ಗಾಜಿನ ಕೆಲಸದವಳು. ಸುತ್ತಲಿನ ಊರುಗಳ ಹೆಂಗಸರಿಂದ ಒಡೆದ ಬಳೆ, ಹಳೆ ಬಳೆ ಎಲ್ಲ ಕೇಳಿ ಒಯ್ದು, ಕರಗಿಸಿ, ಆಳೆತ್ತರದ ರಾಗಿ ತೆನೆಗಳನ್ನು ಮಾಡಿ ತಂದು ನಿಲ್ಲಿಸಿದ್ದಳು. ಸುಮ್ಮನೆ ನಿಂತಿರುವ ಗೊಂಬೆಯಲ್ಲ ಅದು. ಎದುರಿಗೆ ಯಾರಾದರೂ ಬಂದರೆ ಒಳಗೆ ದೀಪ ಹೊತ್ತಿಕೊಂಡು ಬಳೆಯ ಸದ್ದು ಕೇಳಿಸುತ್ತದೆ. ಕೈ ಎತ್ತಿದರೆ ಬೆಳಕು ತೆನೆಯ ತುದಿಗೆ ಏರುತ್ತದೆ, ಸದ್ದೂ ಏರುತ್ತದೆ. ಇಳಿಸಿದರೆ ಎರಡೂ ಇಳಿಯುತ್ತವೆ. ಕೆಳಗಿನ ಪೀಠದಲ್ಲಿ ಅಂಗಿ ಗುಂಡಿಯಷ್ಟಗಲದ ಒಂದು ಕರಿ ಕಣ್ಣಿತ್ತು. ಬಂದವರನ್ನು ನೋಡುವುದು ಆ ಸೆನ್ಸರೇ.

ನಮ್ಮಕ್ಕ ಇರುವುದು ಅಲ್ಲೇ ಪಕ್ಕದ ಊರು ಅಗರದಲ್ಲಿ. ಭಾವ ತೀರಿಕೊಂಡಾಗ ಅವಳ ಕೈಬಳೆ ಒಡೆದರು. ಟ್ರಂಕಿನಲ್ಲಿದ್ದವು ಉಳಿದವು. ಹಸಿರು ಗಾಜಿನ ಬಳೆ, ಮಗಳ ಸೀಮಂತಕ್ಕೆಂದು ಕೊಳ್ಳೇಗಾಲದ ಪೇಟೆಯಲ್ಲಿ ನಾವಿಬ್ಬರೂ ಕೂತು ಆರಿಸಿದ್ದು. ಸೀಮಂತ ಬಂದಾಗ ಅವಳನ್ನು ಅಡುಗೆಮನೆ ದಾಟಿ ಬರಲು ಬಿಡಲಿಲ್ಲ, ಅವಳ ಬಳೆಯನ್ನೂ ಮಗಳಿಗೆ ತೊಡಿಸಲಿಲ್ಲ. ಎಂಥಾ ಜನವೋ! ಆ ಬಳೆಗಳನ್ನೆಲ್ಲ ಅಕ್ಕ ಸೆರಗಲ್ಲಿ ಕಟ್ಟಿಕೊಂಡು ಹೋಗಿ ಕಲಾವಿದೆಗೆ ಕೊಟ್ಟಳು. ಆ ತೆನೆಗಳ ಹಸಿರೆಲ್ಲ ಅಕ್ಕನದೇ.

ಉದ್ಘಾಟನೆಯ ಹಿಂದಿನ ದಿನ ಟ್ರಯಲ್ ನೋಡಲು ಅಕ್ಕನನ್ನೇ ನಿಲ್ಲಿಸಿದರು. ಬೋಳು ಕೈ ಎತ್ತಿದಳು. ಗಾಜಿನ ತುಂಬ ಹಸಿರು ಹತ್ತಿಕೊಂಡು ಬಳೆ ಗಲಗಲ ಎಂದಿತು.

"ಅಯ್ಯೋ, ಇದೇನವ್ವ ನನ್ ಜೊತ ಮಾತಾಡ್ತದ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

"ನಾಳೆ ಎಲ್ಲರಿಗಿಂತ ಮೊದಲು ನೀವೇ ನಿಲ್ಲಬೇಕಮ್ಮ" ಎಂದಳು ಕಲಾವಿದೆ. ಅಕ್ಕ ಹೂಂ ಎಂದಳು. ಯಾವ ಸೀರೆ ಉಡಲಿ ಎಂದು ಸಂಜೆಯೆಲ್ಲ ನನ್ನ ತಲೆ ತಿಂದಳು.

ನಮ್ಮ ಕಡೆ ಹೊಸದಾಗಿ ಏನೇ ಬರಲಿ, ಬೋರಿನ ಮೋಟಾರಿರಲಿ, ಟ್ರ್ಯಾಕ್ಟರಿರಲಿ, ಪೂಜೆಯಾಗದೆ ಚಾಲೂ ಮಾಡುವುದಿಲ್ಲ. ಊರಿನ ಯಜಮಾನರು ಗಾಜಿನ ತೆನೆಗಳಿಗೆ ಹಾರ ಹಾಕಿ, ಪೀಠಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು, ಮಂಗಳಾರತಿ ಎತ್ತಿದರು. ಆಮೇಲೆ ಸ್ವಿಚ್ ಹಾಕಿಸಿ ಅಕ್ಕನನ್ನು ಕರೆದರು. ಅಕ್ಕ ಹೋಗಿ ನಿಂತು ಕೈ ಎತ್ತಿದಳು. ಏನೂ ಇಲ್ಲ. ಇನ್ನೊಮ್ಮೆ ಎತ್ತಿದಳು. ದೀಪವಿಲ್ಲ, ಸದ್ದಿಲ್ಲ.

"ಊರಲ್ಲಿ ಮುತ್ತೈದೇರು ಇರ್ನಿಲ್ವಾ? ಆವಮ್ಮನ್ನ ಯಾಕ ಮುಂದ್ಕ ಬುಟ್ರಿ?" ಎಂದು ಹಿಂದಿನಿಂದ ಒಬ್ಬಳು ಕೇಳಿಯೇಬಿಟ್ಟಳು.

ಯಜಮಾನರು ಕಲಾವಿದೆಯ ಕಡೆ ತಿರುಗಿ, "ಸುಭಕಾರ್ಯ ಅಂದ್ರ ವಸಿ ನೋಡ್ಕಂಡು ಮಾಡ್ಬೇಕು ಕನವ್ವ. ನೆನ್ನ ಉರೀತಿತ್ತು ಅಂತೀರಿ. ಇವತ್ಯಾಕ ಉರೀನಿಲ್ಲ, ನೀವೇ ಯೋಳಿ" ಎಂದರು.

ಅಕ್ಕ ಎತ್ತಿದ್ದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ತಲೆ ತಗ್ಗಿಸಿ ಹೊರಗೆ ಹೋದಳು. ಅಷ್ಟು ಜನರಲ್ಲಿ ಒಬ್ಬರಾದರೂ 'ನಿಂತ್ಕಳವ್ವ' ಎನ್ನಬಾರದೇ? ಕಲಾವಿದೆ, ಪಾಪ, ಬಗ್ಗಿಕೊಂಡು ವೈರು ತಡಕುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರಿಗೆ ಮೊದಲು ಬೈಯಲಿ ಎಂದು ಮುಂದೆ ನುಗ್ಗಿದವಳು ಪೀಠ ನೋಡಿದೆ. ಕರಿ ಕಣ್ಣು ಕಾಣಿಸುತ್ತಲೇ ಇಲ್ಲ! ಸರಿಯಾಗಿ ಅದರ ಮೇಲೆಯೇ ವಿಭೂತಿ ಪಟ್ಟೆ, ಪಟ್ಟೆಯ ಮೇಲೆ ಕುಂಕುಮ. ಕಣ್ಣು ಮುಚ್ಚಿದವರು ಅವರು, ಅನ್ನಿಸಿಕೊಂಡವಳು ನಮ್ಮಕ್ಕ! ಸೆರಗಿನ ತುದಿಯಿಂದ ಗಸಗಸ ಉಜ್ಜಿದೆ. ತೆನೆಗಳೆಲ್ಲ ಝಗ್ಗೆಂದು ಹೊತ್ತಿಕೊಂಡವು.

"ನೋಡುದ್ರಾ! ಮುತ್ತೈದೆ ಕೈ ತಾಕ್ತು, ಎಂಗ್ ಒತ್ಕತ್ತು!" ಎಂದಳು ಹಿಂದಿನಿಂದ ಅದೇ ಹೆಂಗಸು.

ಜನ ಚಪ್ಪಾಳೆ ತಟ್ಟಿತು. ನನಗೆ, ನನಗೆ ಚಪ್ಪಾಳೆ!

"ಮುತ್ತೈದೆ ಅಲ್ಲ ಕನ್ರಿ, ಈಬತ್ತಿ! ನೀವ್ ಬಳ್ದಿರ ಈಬತ್ತಿ ಅಡ್ಡ ಇತ್ತು ಕನ್ರಿ!" ಎಂದು ಕೂಗಿ, ಬೆಳ್ಳಗಾಗಿದ್ದ ಸೆರಗನ್ನು ಯಜಮಾನರ ಮೂಗಿನ ಹತ್ತಿರ ಹಿಡಿದೆ.

"ಆಯ್ತು ಬುಡವ್ವ, ಎಲ್ಲಾ ಒಳ್ಳೇದಾಯ್ತಲ್ಲ" ಎಂದು ಅವರು ನಕ್ಕರು. ಕಲಾವಿದೆ ಮೈಕು ಹಿಡಿದು ಸೆನ್ಸರಿನ ವಿಷಯ ಬಿಡಿಸಿ ಹೇಳಿದಳು. ಯಾರಿಗೆ ಬೇಕಿತ್ತು? ಮೊಬೈಲು ಹಿಡಿದವರು ನನ್ನನ್ನೇ ಪಕ್ಕಕ್ಕೆ ತಳ್ಳಿ ಮುಂದೆ ನಿಂತರು.

ಅಕ್ಕ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ಆದದ್ದೆಲ್ಲ ಹೇಳಿ ಸೆರಗು ತೋರಿಸಿದೆ. ಅವಳೇನು ದಡ್ಡಿಯಲ್ಲ, ಅರ್ಥವಾಯಿತು.

"ಅಲ್ಲಾ, ಅವ್ರ್ ಬಳ್ದ ಈಬತ್ತಿಗ ನಾನ್ ಅನ್ನುಸ್ಕಂಡ್ನಾ!" ಎಂದಳು.

"ಏಳಕ್ಕ ಮತ್ತ. ಅವ್ರೆಲ್ಲರ್ ಎದ್ರುಗೇ ನಿಂತ್ಕಂಡು ಕೈ ಎತ್ತು. ಬಾಯ್ ಮುಚ್ಕತಾರ" ಎಂದು ಕೈ ಹಿಡಿದು ಎಳೆದೆ.

ಎದ್ದಳು. ಸೀರೆ ನೆರಿಗೆ ಸರಿಮಾಡಿಕೊಂಡಳು. ಬಾಗಿಲವರೆಗೂ ಬಂದಳು. ಒಳಗೆ ಅವಳ ಹಸಿರು ಏರಿ ಇಳಿಯುತ್ತಿತ್ತು, ಜನ ಕೇಕೆ ಹಾಕುತ್ತಿತ್ತು. ಅಲ್ಲಿ ನಿಂತು ನನ್ನ ಕೈ ಬಿಡಿಸಿಕೊಂಡಳು.

"ಈಗ್ಲೂ ಒತ್ಕಳ್ನಿಲ್ಲ ಅಂದ್ರ ಏನವ್ವ ಮಾಡದು?"

ಒತ್ಕತದ ಕನಕ್ಕ ಎಂದೆ. ಆಣೆ ಇಟ್ಟೆ. ಭವನಕ್ಕೆಲ್ಲ ಕೇಳುವಂತೆ ಕೂಗಾಡಿದೆ. ಅವಳು ಹೊಸ್ತಿಲು ದಾಟಲಿಲ್ಲ.