ಮೀನಿನ ಹಾರ್ನ್ ಕೇಳಿದ ಮಧ್ಯಾಹ್ನ

ಸುಜಾತಾ, ಅಂದು ಮಧ್ಯಾಹ್ನ ನಿಮ್ಮ ಚಿನ್ಮಯ ನನ್ನ ಡೇ ಕೇರ್‌ನ ಚಾಪೆಯ ಮೇಲೆ ಮಲಗಿರಲಿಲ್ಲ — ಹೆದ್ದಾರಿಯಲ್ಲಿ ನಿಂತಿದ್ದ. ನಾನು ಮೀನು ಕೊಳ್ಳಲು ಹೋಗಿದ್ದೆ. ಆಮೇಲೆ ನಿಮಗೆ ಹೇಳಿದ್ದೆಲ್ಲ ಸುಳ್ಳು.

ಅವನಿಗೆ ಆಗ ಮೂರು ವರ್ಷ. ಈಗ ಮೂರನೇ ಕ್ಲಾಸು. ಇಷ್ಟು ಕಾಲ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡಿದ್ದೇನೆ, ನಿದ್ದೆ ಮಾಡಿದ್ದೇನೆ, ನೀವು ಎದುರಾದಾಗ ನಕ್ಕಿದ್ದೇನೆ ಕೂಡ.

ಫರಂಗಿಪೇಟೆಯ ನನ್ನ ಡೇ ಕೇರ್‌ಗೆ ಅವನನ್ನು ಸೇರಿಸಲು ಬಂದ ದಿನ ನಿಮ್ಮೆದುರು ನಾನು ನಿಯಮಗಳನ್ನು ಗಿಳಿಯಂತೆ ಒಪ್ಪಿಸಿದ್ದು ನೆನಪಿದೆಯೇ? ಮಕ್ಕಳಿರುವಷ್ಟು ಹೊತ್ತೂ ಇಬ್ಬರು ದೊಡ್ಡವರು ಇರಲೇಬೇಕು. ಮಕ್ಕಳು ನಿದ್ದೆಹೋದರೂ ಒಬ್ಬರು ಅದೇ ಕೋಣೆಯಲ್ಲಿ ಕುಳಿತಿರಬೇಕು. ಗೇಟಿಗೆ ಯಾವಾಗಲೂ ಚಿಲಕ. ಪರವಾನಗಿ ಪತ್ರಕ್ಕೆ ಫ್ರೇಮು ಹಾಕಿಸಿ ನನ್ನ ಮದುವೆ ಫೋಟೋ ಇದ್ದ ಮೊಳೆಗೇ ತೂಗುಹಾಕಿದ್ದೆ, ಅಷ್ಟು ಜಂಬ ನನಗೆ. "ಇಷ್ಟು ಶಿಸ್ತು ಉಂಟಲ್ಲ ಟೀಚರ್, ಇನ್ನು ನನಗೆ ಹೆದರಿಕೆ ಇಲ್ಲ," ಎಂದಿರಿ. ಬಿ.ಸಿ. ರೋಡಿನ ಸಹಕಾರಿ ಸೊಸೈಟಿಯಲ್ಲಿ ನಿಮಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಮಗುವನ್ನು ಬಿಟ್ಟು ದುಡಿಯಲು ಹೋಗುವುದು ನಿಮ್ಮ ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. ಅದನ್ನೂ ನೀವೇ ಹೇಳಿದ್ದಿರಿ, ನನ್ನನ್ನು ನಂಬಿ.

ಆ ದಿನ ನನ್ನ ಸಹಾಯಕಿ ಲೀಲಾ ತಂಗಿಯ ನಿಶ್ಚಿತಾರ್ಥಕ್ಕೆಂದು ಬೆಳುವಾಯಿಗೆ ಹೋಗಿದ್ದಳು. ಬದಲಿಗೆ ಇನ್ನೊಬ್ಬರನ್ನು ಕರೆಯಬೇಕಿತ್ತು. ಸಿಗದಿದ್ದರೆ ರಜೆ ಎಂದು ನಿಮಗೆಲ್ಲ ಫೋನ್ ಮಾಡಬೇಕಿತ್ತು. ಒಂದು ದಿನ ತಾನೇ — ಹೀಗೆಂದುಕೊಂಡೆ. ಏಳು ಮಕ್ಕಳು ಗಂಜಿ ಉಂಡು ಮಲಗಿದರು. ಮನೆ ನಿಶ್ಶಬ್ದವಾಯಿತು. ಆಗಲೇ ಮೀನಿನವನ ಹಾರ್ನ್ ಕೇಳಿಸಿತು.

ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ರಜೆ ಮುಗಿದು ಬಂದ ಮೊದಲ ಬೂತಾಯಿ ಮೀನು. ಆ ಹಾರ್ನ್ ಕೇಳಿದರೆ ನಮ್ಮೂರಿನಲ್ಲಿ ಯಾರ ಕಾಲು ತಾನೇ ಮನೆಯೊಳಗೆ ನಿಲ್ಲುತ್ತದೆ? ಒಂದು ನಿಮಿಷ ಎಂದು ಎದ್ದೆ. ಪಾತ್ರೆ ಹಿಡಿದು ಹೊರಟವಳು ಗೇಟನ್ನು ಮೊಣಕೈಯಿಂದ ದೂಡಿದೆ, ಚಿಲಕ ಹಾಕಲಿಲ್ಲ. ಮೀನಿನವನು ಪಕ್ಕದ ಮನೆಯ ಮಾವಿನ ಮರದಡಿ ಸ್ಕೂಟರು ನಿಲ್ಲಿಸಿದ್ದ. ಗೇಟಿಗೆ ಬೆನ್ನುಹಾಕಿ ನಿಂತು ಚೌಕಾಸಿ ಮಾಡಿದೆ. "ತಲೆ ತೆಗೆದು ಕೊಡು ಮಾರಾಯ, ಮನೆಯಲ್ಲಿ ನನಗೆ ಪುರುಸೊತ್ತಿಲ್ಲ," ಎಂದೆ. ಪುರುಸೊತ್ತಿಲ್ಲವಂತೆ!

ಹಿಂದಿನ ಬಾಗಿಲಿನಿಂದ ಬಂದು ಮೀನನ್ನು ಫ್ರಿಜ್ಜಿನಲ್ಲಿಟ್ಟು ಕೈ ತೊಳೆದು ಕೋಣೆಗೆ ಇಣುಕಿದೆ. ಕಿಟಕಿಯ ಪಕ್ಕದ ಚಾಪೆ ಖಾಲಿ.

ಬಚ್ಚಲಿನಲ್ಲಿ ಇರಲಿಲ್ಲ. ಬಾಗಿಲ ಹಿಂದೆ, ಮಂಚದ ಕೆಳಗೆ, ಇಲ್ಲ. ಅಂಗಳದ ನೀರಿನ ತೊಟ್ಟಿಯೊಳಗೆ ಕೈಹಾಕಿ ತಡಕಾಡಿದೆ — ತಳದವರೆಗೂ, ಕಣ್ಣು ಮುಚ್ಚಿಕೊಂಡು. ತಲೆಯೆತ್ತಿದರೆ ಗೇಟು ಅರ್ಧ ತೆರೆದಿದೆ. ಅದೇ ಹೊತ್ತಿಗೆ ಹೆದ್ದಾರಿಯ ಕಡೆಯಿಂದ ಉದ್ದನೆಯ ಹಾರ್ನ್, ಬ್ರೇಕಿನ ಚೀರಾಟ.

ಓಡಿದೆ. ಉಳಿದ ಆರು ಮಕ್ಕಳನ್ನು ತೆರೆದ ಮನೆಯಲ್ಲಿ ಬಿಟ್ಟು ಓಡಿದೆ, ಅದನ್ನೂ ಹೇಳಬೇಕು. ಲಾರಿಯೊಂದು ರಸ್ತೆಗೆ ಅಡ್ಡಡ್ಡ ನಿಂತಿತ್ತು. ಅದರ ಬಂಪರಿನ ಮುಂದೆ, ಕೈಗೆಟಕುವಷ್ಟು ದೂರದಲ್ಲಿ, ನಿಮ್ಮ ಮಗ. ಅಳುತ್ತಿರಲಿಲ್ಲ. ಚಡ್ಡಿ ಒದ್ದೆಯಾಗಿತ್ತು. "ಏರೆನ ಬಾಲೆ ಉಂದು?" — ಯಾರ ಮಗು ಇದು ಎಂದು ಚಾಲಕ ತುಳುವಿನಲ್ಲಿ ಕಿರುಚಿದ. "ನನ್ನದೇ," ಎಂದೆ. ಡೇ ಕೇರ್‌ನ ಮಗು ಎಂದರೆ ಸುದ್ದಿ ಊರೆಲ್ಲ ಹರಡುತ್ತದೆ, ಪರವಾನಗಿ ಹೋಗುತ್ತದೆ — ಆ ಗಳಿಗೆಯಲ್ಲೂ ನನ್ನ ತಲೆ ಅಷ್ಟು ಚೆನ್ನಾಗಿ ಓಡಿತು ನೋಡಿ. ಇಂಥ ತಾಯಂದಿರೂ ಇರುತ್ತಾರಾ ಎಂದು ಅವನು ಬೈದ. ತಲೆ ತಗ್ಗಿಸಿ ಮಗುವನ್ನು ಎತ್ತಿಕೊಂಡು ಬಂದೆ. ಉಳಿದವರು ಮಲಗಿದ್ದಲ್ಲೇ ಇದ್ದರು.

ಸಂಜೆ ನೀವು ಬಂದಾಗ ಅವನು ನಿಮ್ಮ ಕುತ್ತಿಗೆಗೆ ಜೋತುಬಿದ್ದು, "ಅಮ್ಮ, ದೊಡ್ಡ ಲಾರಿ ಬಂತು," ಎಂದ. ನೀವು ನನ್ನ ಮುಖ ನೋಡಿದಿರಿ. "ಪುಸ್ತಕದಲ್ಲಿ ಲಾರಿಯ ಚಿತ್ರ ತೋರಿಸಿದ್ದೆ," ಎಂದೆ. ಒದ್ದೆ ಚಡ್ಡಿಗೆ, ನೀರು ಚೆಲ್ಲಿಕೊಂಡ ಎಂದೆ. ಲಾರಿ ಬಂತು, ಲಾರಿ ಬಂತು ಎಂದು ಅವನು ಮತ್ತೆ ಮತ್ತೆ ಹೇಳುತ್ತಲೇ ಇದ್ದ. ನಾವಿಬ್ಬರೂ ನಕ್ಕೆವು.

ಆಮೇಲೆ ಅವನು ನಿದ್ದೆಯಲ್ಲಿ ಬೆಚ್ಚಿ ಕೂಗತೊಡಗಿದ. ಬೆಳಿಗ್ಗೆ ನಿಮ್ಮ ಸೆರಗು ಬಿಡುತ್ತಿರಲಿಲ್ಲ. ಒಂದು ದಿನ ನೀವು ಗೇಟಿನಲ್ಲೇ ಕೇಳಿದಿರಿ: "ಇಲ್ಲಿ ಎಂತಾದ್ರೂ ಆಗಿತ್ತಾ ಟೀಚರ್? ಹಾರ್ನ್ ಕೇಳಿದ್ರೆ ಸಾಕು, ಇವ ನಡುಗ್ತಾನೆ."

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೇನಿತ್ತು... ನಾನು ಹೇಳಿದ್ದು ಇದು: "ಇಲ್ಲಿ ಎಂತದೂ ಆಗ್ಲಿಲ್ಲ ಸುಜಾತಾ. ಅಮ್ಮ ಹತ್ತಿರ ಇಲ್ಲದಿದ್ರೆ ಕೆಲವು ಮಕ್ಕಳು ಹೀಗೇ ಮಾಡ್ತಾರೆ. ಮನೆಯಲ್ಲೇ ಸ್ವಲ್ಪ ನೋಡಿ."

ನಿಮ್ಮ ಮುಖ ಇಳಿದುಹೋಯಿತು. ಅತ್ತೆ ದಿನವೂ ಹೇಳುತ್ತಿದ್ದ ಮಾತಿಗೆ ನಾನೇ ಮೊಹರು ಒತ್ತಿದ್ದೆ. ಆ ತಿಂಗಳು ಮುಗಿಯುವ ಮೊದಲೇ ನೀವು ಕೆಲಸ ಬಿಟ್ಟಿರಿ. ಲಾರಿಯವನು ನನಗೆ ಬೈದ ಬೈಗುಳವನ್ನು ನಿಮ್ಮ ತಲೆಗೆ ಕಟ್ಟಿ ನಾನು ಹಗುರಾದೆ.

ಹೋದ ವಾರ ಮದುವೆ ಮನೆಯಲ್ಲಿ ಸಿಕ್ಕಿದಾಗ ನನ್ನ ಕೈ ಹಿಡಿದು ಏನೆಂದಿರಿ? "ಅವತ್ತು ನೀವು ಹೇಳಿದ್ದು ಒಳ್ಳೇದಾಯ್ತು ಟೀಚರ್. ಇಲ್ಲದಿದ್ರೆ ನನ್ನ ತಪ್ಪು ನನಗೇ ಗೊತ್ತಾಗ್ತಿರ್ಲಿಲ್ಲ." ಚಿನ್ಮಯ ನಿಮ್ಮ ಹಿಂದೆ ನಿಂತಿದ್ದ. ಹೊರಗೆ ದಿಬ್ಬಣದ ಬಸ್ಸು ಹಾರ್ನ್ ಹೊಡೆಯಿತು. ಅಷ್ಟುದ್ದದ ಹುಡುಗ ಥಟ್ಟನೆ ನಿಮ್ಮ ಸೆರಗು ಹಿಡಿದುಕೊಂಡ.

ಬಡಿಸಿದ ಎಲೆಯನ್ನು ಹಾಗೇ ಮಡಚಿಟ್ಟು ನಾನು ಎದ್ದುಬಂದೆ.

ನಾಳೆ ನಿಮ್ಮ ಮನೆಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ನಿಮ್ಮ ಅತ್ತೆಯ ಎದುರಿಗೇ. ಅಲ್ಲಿಂದ ನೇರ ಇಲಾಖೆಯ ಕಚೇರಿಗೆ ಹೋಗುತ್ತೇನೆ. ಪರವಾನಗಿ ಉಳಿಸುವುದೋ ತೆಗೆಯುವುದೋ ಅವರಿಗೆ ಬಿಟ್ಟದ್ದು. ನಿಮ್ಮ ಕೆಲಸವನ್ನು, ಆ ವರ್ಷಗಳನ್ನು ನಾನು ತಂದುಕೊಡಲಾರೆ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ.

ಆದರೆ ಮೊದಲು ಚಿನ್ಮಯನನ್ನು ಕರೆಯಿರಿ. ನಾವಿಬ್ಬರೂ ನಕ್ಕು ಸುಮ್ಮನಾಗಿಸಿದ ಆ ಮಗುವಿಗೆ ನಾನೊಂದು ಮಾತು ಹೇಳಬೇಕು — ಲಾರಿ ಬಂದಿತ್ತು ಮಗಾ, ನೀನು ಹೇಳಿದ್ದು ನಿಜ.